ಈ ಸಂಖ್ಯೆ ಯಾವುದರ ಲೆಕ್ಕ? ಫೈಲ್‌ಸಿಸ್ಟಮ್ ಕೋಡ್ ರಿವ್ಯೂ ಮಾಡುವ ಬಗ್ಗೆ

(ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಕನ್ನಡದಲ್ಲೇ ಬಿಡಿಸಿ ಬರೆದಿದ್ದೇನೆ. ಜಿಬಿ, ಟಿಬಿ ಅಂದಲ್ಲೆಲ್ಲ 1024ರ ಲೆಕ್ಕ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಹಾಕದೆ ಒಂದು ಸಾಲು ಕೋಡಿನಿಂದಲೇ ಶುರು ಮಾಡುತ್ತೇನೆ.

ಬೈಟ್_ಜಾಗ = ಬ್ಲಾಕ್_ಸಂಖ್ಯೆ << 12;

ಇದು ಸಿ ಭಾಷೆ. ಎಡಗಡೆಯ ವೇರಿಯಬಲ್ 64 ಬಿಟ್. ಬಲಗಡೆಯ ಬ್ಲಾಕ್ ಸಂಖ್ಯೆ 32 ಬಿಟ್, ಅನ್‌ಸೈನ್ಡ್, ಅಂದರೆ ನೆಗೆಟಿವ್ ಬೆಲೆ ಇಲ್ಲದ್ದು. ಒಂದು ಬ್ಲಾಕಿಗೆ 4096 ಬೈಟ್, ಅದಕ್ಕೇ 12 ಬಿಟ್ ಎಡಕ್ಕೆ ಶಿಫ್ಟ್, ಅಂದರೆ 4096ರಿಂದ ಗುಣಿಸಿದ ಹಾಗೆ. ಈ ಸಾಲಿನಲ್ಲಿ ಏನು ತಪ್ಪಿದೆ? ಕೆಲವರು ಆಗಲೇ ನಗುತ್ತಿದ್ದೀರಿ. ಉಳಿದವರಿಗಾಗಿ ಸಂಖ್ಯೆ ಹಾಕಿ ನೋಡೋಣ.

ಬ್ಲಾಕ್ ಸಂಖ್ಯೆ 1048575 ಕೊಡಿ. ಉತ್ತರ 4294963200. ಸರಿಯಾಗಿದೆ. ಈಗ ಅದರ ಮುಂದಿನ ಬ್ಲಾಕ್, 1048576. ಬರಬೇಕಾದದ್ದು 4294967296. ಬರುವುದು ಸೊನ್ನೆ! 1048577 ಕೊಟ್ಟರೆ 4096. ಎಡಗಡೆ 64 ಬಿಟ್ ಜಾಗ ಖಾಲಿ ಇದ್ದರೂ ಶಿಫ್ಟ್ ನಡೆಯುವುದು ಬಲಗಡೆಯ 32 ಬಿಟ್‌ನಲ್ಲೇ. ಮೇಲಿನ ಬಿಟ್‌ಗಳು ಅಲ್ಲೇ ಉದುರಿ ಹೋಗುತ್ತವೆ. ಸಂಖ್ಯೆ ಹೀಗೆ ತನ್ನ ಜಾಗದಲ್ಲಿ ಹಿಡಿಸದೆ ಹೋಗುವುದಕ್ಕೇ ಓವರ್‌ಫ್ಲೋ ಅನ್ನುವುದು. ಚೆಲ್ಲಿದ ಮೇಲೆ ಉಳಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಏನು ಬಂತು?

ಸರಿ, ಸೊನ್ನೆಯ ಹತ್ತಿರ ಡಿಸ್ಕಿನಲ್ಲಿ ಏನಿರುತ್ತದೆ? ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ತೆಗೆದುಕೊಳ್ಳಿ. ಸೂಪರ್‌ಬ್ಲಾಕ್ ಶುರುವಾಗುವುದು 1024ನೇ ಬೈಟಿನಿಂದ. ಬ್ಲಾಕ್ ಗಾತ್ರ 4096 ಇದ್ದರೆ ಮುಂದಿನ ಬ್ಲಾಕಿನಿಂದಲೇ ಗ್ರೂಪ್ ಡಿಸ್ಕ್ರಿಪ್ಟರ್‌ಗಳು. ಅಂದರೆ ಇಡೀ ಡಿಸ್ಕಿನ ಜಾತಕವೇ ಅಲ್ಲಿದೆ. ಬರೆಯುವ ದಾರಿಯಲ್ಲಿ ಇಂಥ ಒಂದು ಸಾಲು ಇದ್ದರೆ 4 ಜಿಬಿ ಗಡಿಯ ಆಚೆ ಕೂರಬೇಕಾದ ಡೇಟಾ ಬಂದು ಜಾತಕದ ಮೇಲೆ ಕೂರುತ್ತದೆ. ಎರರ್ ಬರುವುದಿಲ್ಲ. ಕ್ರ್ಯಾಶ್ ಆಗುವುದಿಲ್ಲ. ಬರೆದ ಪ್ರೋಗ್ರಾಮಿಗೆ ಎಲ್ಲವೂ ಸರಿಯಾಯಿತು ಅಂತಲೇ ಉತ್ತರ ಹೋಗುತ್ತದೆ. ಮುಂದೊಂದು ದಿನ ಮೌಂಟ್ ಮಾಡಲು ಹೋದಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಕಾರಣ ಹುಡುಕಲು ಯಾವ ಗುರುತೂ ಉಳಿದಿರುವುದಿಲ್ಲ.

ಬೇರೆ ಕಡೆಯ ಓವರ್‌ಫ್ಲೋಗೂ ಫೈಲ್‌ಸಿಸ್ಟಮ್‌ನ ಓವರ್‌ಫ್ಲೋಗೂ ಇರುವ ವ್ಯತ್ಯಾಸ ಇದೇ. ಮೆಮೊರಿಯಲ್ಲಿ ತಪ್ಪಾದರೆ ರೀಬೂಟ್ ಮಾಡಿ ಕೈ ತೊಳೆದುಕೊಳ್ಳಬಹುದು. ಇಲ್ಲಿ ತಪ್ಪು ಡಿಸ್ಕಿಗೆ ಇಳಿದಿರುತ್ತದೆ. ರೀಬೂಟ್ ಆದ ಮೇಲೂ ಅಲ್ಲೇ ಇರುತ್ತದೆ, ಬ್ಯಾಕಪ್ಪಿಗೂ ಹೋಗುತ್ತದೆ.

ತಿದ್ದುವುದು ಸುಲಭ. ಮೊದಲು 64 ಬಿಟ್‌ಗೆ ಅಗಲ ಮಾಡಿ, ಆಮೇಲೆ ಶಿಫ್ಟ್ ಮಾಡಿ. ಆದರೆ ಈ ತಿದ್ದುಪಡಿಯ ಒಂದು ನಕಲಿ ರೂಪ ಇದೆ. ಅದನ್ನು ಹಿಡಿಯುವುದೇ ರಿವ್ಯೂ ಮಾಡುವವರ ಕೆಲಸ.

ಬೈಟ್_ಜಾಗ = (64 ಬಿಟ್)(ಬ್ಲಾಕ್_ಸಂಖ್ಯೆ << 12);

ಕಾಸ್ಟ್, ಅಂದರೆ ಟೈಪ್ ಬದಲಿಸುವ ಗುರುತು, ಆವರಣದ ಹೊರಗಿದೆ. ಬಿಟ್‌ಗಳು ಒಳಗೇ ಉದುರಿದ ಮೇಲೆ ಹೊರಗೆ ಅಗಲ ಮಾಡಿದ್ದಾರೆ. ಏನೂ ಬದಲಾಗಲಿಲ್ಲ. ನನ್ನ ಪ್ರಕಾರ ಇದು ಕಾಸ್ಟ್ ಇಲ್ಲದ ಸಾಲಿಗಿಂತ ಕೆಟ್ಟದ್ದು. ಕಾಸ್ಟ್ ಇಲ್ಲದಿದ್ದರೆ ಓದುವವರಿಗೆ ಅನುಮಾನವಾದರೂ ಬರುತ್ತದೆ. ಇದ್ದರೆ "ಯಾರೋ ಯೋಚನೆ ಮಾಡಿ ಬರೆದಿದ್ದಾರೆ" ಅಂತ ಕಣ್ಣು ಮುಂದಕ್ಕೆ ಜಾರುತ್ತದೆ. ಕವರಿಟಿಯಂಥ ಸ್ಟ್ಯಾಟಿಕ್ ಅನಾಲಿಸಿಸ್ ಟೂಲಿನಲ್ಲಿ ಈ ಜಾತಿಯ ತಪ್ಪಿಗೇ ಒಂದು ಪ್ರತ್ಯೇಕ ಚೆಕ್ಕರ್ ಇದೆ, "ಅಗಲ ಮಾಡುವ ಮೊದಲೇ ಓವರ್‌ಫ್ಲೋ" ಅನ್ನೋ ಅರ್ಥದ ಹೆಸರಿನಲ್ಲಿ. ಅಷ್ಟು ಸಾಮಾನ್ಯವಾದ ತಪ್ಪು ಇದು.

ಈ ಒಂದು ಸಾಲು ಓದುವಾಗ ನಾವು ಏನೇನು ಕೇಳಿದೆವು ನೋಡಿ. ಈ ಸಂಖ್ಯೆ ಯಾವುದರ ಲೆಕ್ಕ, ಬ್ಲಾಕಿನದೋ ಬೈಟಿನದೋ? ಎಷ್ಟು ಬಿಟ್? ಇನ್ನೂ ಒಂದು ಪ್ರಶ್ನೆ ಕೇಳಲಿಲ್ಲ: ಇದು ಎಲ್ಲಿಂದ ಬಂತು? ಇವತ್ತಿನ ಮಾತೆಲ್ಲ ಈ ಪ್ರಶ್ನೆಗಳ ಸುತ್ತಲೇ. ಓವರ್‌ಫ್ಲೋ ಹುಡುಕುವುದು ಒಂದು ಕೆಲಸ, ಕೋಡ್ ಓದಲು ಸುಲಭ ಮಾಡುವುದು ಇನ್ನೊಂದು ಕೆಲಸ ಅಂತ ಬೇರೆ ಬೇರೆ ಪಟ್ಟಿಯಲ್ಲಿ ಬರೆದುಕೊಳ್ಳುವವರಿದ್ದಾರೆ. ನನಗೆ ಇವೆರಡೂ ಒಂದೇ. ಈ ಪ್ರಶ್ನೆಗಳಿಗೆ ಉತ್ತರ ಸಾಲಿನಲ್ಲೇ ಕಾಣದಿದ್ದಾಗಲೇ ಓವರ್‌ಫ್ಲೋ ರಿವ್ಯೂ ತಪ್ಪಿಸಿಕೊಂಡು ಹೋಗುವುದು.

ಮೊದಲು ಯಾವುದರ ಲೆಕ್ಕ ಅನ್ನೋದನ್ನು ನೋಡೋಣ. ಫೈಲ್‌ಸಿಸ್ಟಮ್ ಒಳಗೆ ಒಂದೇ ಜಾಗವನ್ನು ಹಲವು ರೀತಿ ಎಣಿಸುತ್ತಾರೆ. ಬೈಟ್ ಇದೆ. 512 ಬೈಟಿನ ಸೆಕ್ಟರ್ ಇದೆ. ಡಿಸ್ಕ್ ಒಳಗೆ 4096 ಇದ್ದರೂ ಲಿನಕ್ಸ್ ಬ್ಲಾಕ್ ಲೇಯರ್ ಎಣಿಸುವುದು 512ರಲ್ಲೇ. ಫೈಲ್‌ಸಿಸ್ಟಮ್ ಬ್ಲಾಕ್ ಇದೆ, ಮೆಮೊರಿ ಪೇಜ್ ಇದೆ, ಕೆಲವು ಕಡೆ ಕ್ಲಸ್ಟರ್ ಇದೆ. ಫೈಲಿನೊಳಗಿನ ಎಷ್ಟನೇ ಬ್ಲಾಕ್ ಅನ್ನೋದು ಬೇರೆ, ಡಿಸ್ಕಿನ ಎಷ್ಟನೇ ಬ್ಲಾಕ್ ಅನ್ನೋದು ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಸಲ ಒಂದು ಶಿಫ್ಟೋ ಗುಣಾಕಾರವೋ ಇರುತ್ತದೆ. ಅಲ್ಲೆಲ್ಲ ಬಿಟ್ ಉದುರುವ ಅವಕಾಶ ಇದ್ದೇ ಇದೆ.

ಇಎಕ್ಸ್‌ಟಿ4 ಇದಕ್ಕೆ ಬೇರೆ ಬೇರೆ ಟೈಪ್ ಹೆಸರು ಇಟ್ಟುಕೊಂಡಿದೆ. ಫೈಲಿನೊಳಗಿನ ಬ್ಲಾಕಿಗೆ ಒಂದು ಹೆಸರು, ಅದು 32 ಬಿಟ್. ಡಿಸ್ಕಿನ ಬ್ಲಾಕಿಗೆ ಇನ್ನೊಂದು, ಅದು 64 ಬಿಟ್. ಒಳ್ಳೆಯದೇ. ಆದರೆ ಸಿ ಭಾಷೆಯ ಟೈಪ್‌ಡೆಫ್ ಬರೀ ಹೆಸರು, ಕಾವಲುಗಾರನಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟರೆ ಕಂಪೈಲರ್ ಸುಮ್ನೆ ಒಪ್ಪಿಕೊಳ್ಳುತ್ತದೆ. ಓದುವ ಮನುಷ್ಯನಿಗೆ ಮಾತ್ರ ಅದರಿಂದ ಉಪಯೋಗ. ಬೈಟ್ ಕ್ರಮದ ವಿಷಯದಲ್ಲಿ ಕರ್ನಲ್‌ನವರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಡಿಸ್ಕಿನ ಮೇಲಿನ ಲಿಟಲ್ ಎಂಡಿಯನ್ (ಕೆಳಗಿನ ಬೈಟ್ ಮೊದಲು ಬರುವ) ಸಂಖ್ಯೆಯನ್ನು ಬದಲಿಸದೆ ಹಾಗೇ ಬಳಸಿದರೆ ಸ್ಪಾರ್ಸ್ ಎಂಬ ಚೆಕ್ಕರ್ ಬೈಯುತ್ತದೆ.

ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್‌ನಲ್ಲಿ ಬೈಟನ್ನು ಬ್ಲಾಕಿಗೆ ಬದಲಿಸುವ ಎರಡು ಮ್ಯಾಕ್ರೋ ಇವೆ. ಒಂದು ಮೇಲಕ್ಕೆ ರೌಂಡ್ ಮಾಡುತ್ತದೆ, ಇನ್ನೊಂದು ಕೆಳಕ್ಕೆ. ಎರಡರ ಹೆಸರಿಗೂ ವ್ಯತ್ಯಾಸ ಕೊನೆಯ ಒಂದೇ ಅಕ್ಷರ, ಒಂದು "ಟಿ". ಆ ಕೋಡಿನಲ್ಲಿ ದಿನವಿಡೀ ಇರುವವರಿಗೆ ಅದು ಅಭ್ಯಾಸ ಆಗಿರುತ್ತದೆ. ಹೊಸಬರು ರಿವ್ಯೂ ಮಾಡುವಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ನನಗಂತೂ ಈ ಹೆಸರು ಇಷ್ಟವಿಲ್ಲ.

ಅಗಲದ ಕಥೆ ಹಳೆಯದು. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿಗಿಂತ ಒಂದು ಬೈಟ್ ಕಡಿಮೆ ತನಕ ಮಾತ್ರ, ಗಾತ್ರ ಬರೆಯುವ ಜಾಗ 32 ಬಿಟ್ ಅಂತ. ಹಳೆಯ 32 ಬಿಟ್ ಯುನಿಕ್ಸ್‌ಗಳಲ್ಲಿ ಆಫ್‌ಸೆಟ್ ಸೈನ್ಡ್ ಆಗಿದ್ದರಿಂದ 2 ಜಿಬಿಗೇ ನಿಲ್ಲುತ್ತಿತ್ತು. ಇಎಕ್ಸ್‌ಟಿ3ರಲ್ಲಿ 2 ಟಿಬಿ. ಇಎಕ್ಸ್‌ಟಿ4ರಲ್ಲಿ 4096 ಬೈಟ್ ಬ್ಲಾಕ್ ಇದ್ದರೆ ಒಂದು ಫೈಲಿಗೆ 16 ಟಿಬಿ. ಕಾಲಕ್ಕೂ ಇದೇ ಗತಿ. 32 ಬಿಟ್ ಸೈನ್ಡ್ ಸೆಕೆಂಡುಗಳು 2038ಕ್ಕೆ ಮುಗಿಯುತ್ತವೆ. ಇಎಕ್ಸ್‌ಟಿ4 ಎರಡು ಬಿಟ್ ಜಾಸ್ತಿ ಹೊಂದಿಸಿ ಅದನ್ನು 2446ಕ್ಕೆ ತಳ್ಳಿತು, ಎಕ್ಸ್‌ಎಫ್‌ಎಸ್ 2486ಕ್ಕೆ. ಪ್ರತಿ ಸಲ ಗಡಿ ದೊಡ್ಡದಾದಾಗಲೂ ಹಳೆಯ ಅಗಲದ ವೇರಿಯಬಲ್‌ಗಳು ಕೋಡಿನ ಮೂಲೆಯಲ್ಲಿ ಉಳಿದುಬಿಡುತ್ತವೆ.

ಈಗ ನನಗೆ ತುಂಬ ಇಷ್ಟವಾದ ತಪ್ಪು. ಇಷ್ಟ ಯಾಕೆಂದರೆ ಇದನ್ನು ಹುಟ್ಟಿಸುವುದು ಸಾಮಾನ್ಯವಾಗಿ "ಕೋಡ್ ಚೊಕ್ಕ ಮಾಡಿದೆ" ಅನ್ನೋ ಪ್ಯಾಚು, ಅಂದರೆ ಕೋಡಿನ ತಿದ್ದುಪಡಿ.

ಶುರು = ಜಾಗ & ~(ಬ್ಲಾಕ್_ಗಾತ್ರ - 1);

ಫೈಲಿನಲ್ಲಿ ಒಂದು ಜಾಗ ಕೊಟ್ಟರೆ ಅದು ಇರುವ ಬ್ಲಾಕಿನ ಶುರುವನ್ನು ಹೇಳುವ ಸಾಲು. ಜಾಗ 64 ಬಿಟ್. ಬ್ಲಾಕ್ ಗಾತ್ರ ಸಾದಾ ಇಂಟ್, ಅಂದರೆ ಸೈನ್ಡ್ 32 ಬಿಟ್, ಬೆಲೆ 4096. 4095ರ ಬಿಟ್‌ಗಳನ್ನು ತಿರುವಿದರೆ ಮೈನಸ್ 4096. ಅದನ್ನು 64 ಬಿಟ್‌ಗೆ ಅಗಲ ಮಾಡುವಾಗ ಸೈನ್ ಬಿಟ್ ಮೇಲಿನವರೆಗೂ ಹರಡಿಕೊಳ್ಳುತ್ತದೆ. ಮೇಲಿನ ಬಿಟ್‌ಗಳೆಲ್ಲ ಒಂದು. ಮಾಸ್ಕ್ (ಬೇಡದ ಬಿಟ್‌ಗಳನ್ನು ಅಳಿಸುವ ಸಂಖ್ಯೆ) ಸರಿ.

ಯಾರೋ ಬಂದು ನೋಡುತ್ತಾರೆ. "ಗಾತ್ರ ಎಲ್ಲಾದರೂ ನೆಗೆಟಿವ್ ಆಗುತ್ತದಾ? ಅನ್‌ಸೈನ್ಡ್ ಮಾಡೋಣ" ಅಂತ ಬದಲಿಸುತ್ತಾರೆ. ಒಂದೇ ಪದದ ಪ್ಯಾಚು. ಎಲ್ಲರೂ ಒಪ್ಪುವಂಥದ್ದು. ಈಗ ತಿರುವಿದ ಬೆಲೆ ಅನ್‌ಸೈನ್ಡ್, ಅಗಲ ಮಾಡಿದರೆ ಮೇಲಿನ 32 ಬಿಟ್ ಪೂರ್ತಿ ಸೊನ್ನೆ. ಜಾಗ 5368709220 ಅಂತಿಟ್ಟುಕೊಳ್ಳಿ, ಅಂದರೆ 5 ಜಿಬಿ ದಾಟಿ ನೂರು ಬೈಟ್. ಬರಬೇಕಾದದ್ದು 5368709120. ಬರುವುದು 1073741824. ಐದನೇ ಜಿಬಿಯಿಂದ ಒಂದನೇ ಜಿಬಿಗೆ ಹಾರಿತು. ಪ್ಯಾಚಿನಲ್ಲಿ ಈ ಸಾಲು ಕಾಣುವುದೂ ಇಲ್ಲ, ಬದಲಾದದ್ದು ಎಲ್ಲೋ ಮೇಲಿನ ಡಿಕ್ಲರೇಷನ್ ಮಾತ್ರ. ಟೈಪ್ ಬದಲಿಸುವ ಪ್ಯಾಚ್ ಬಂದರೆ ಆ ವೇರಿಯಬಲ್ ಬಳಸಿದ ಪ್ರತಿ ಜಾಗವನ್ನೂ ತೆರೆದು ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಲಿನಕ್ಸ್‌ನ ರೌಂಡ್ ಡೌನ್ ಮ್ಯಾಕ್ರೋ ಒಳಗೆ ನೋಡಿದರೆ ಮಾಸ್ಕನ್ನು ಮೊದಲು ಜಾಗದ ಟೈಪಿಗೆ ಕಾಸ್ಟ್ ಮಾಡಿ ಆಮೇಲೆ ತಿರುವುತ್ತಾರೆ. ಈ ಗುಂಡಿಗೆ ಬೀಳದಿರಲೆಂದೇ. ಕೈಯಲ್ಲಿ ಮಾಸ್ಕ್ ಬರೆದಿರುವ ಸಾಲು ಕಂಡರೆ "ಆ ಮ್ಯಾಕ್ರೋ ಬಳಸಿ" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಓದುವುದಕ್ಕೂ ಅದೇ ಸುಲಭ. ಮೇಲಕ್ಕೆ ರೌಂಡ್ ಮಾಡುವಾಗ ಮಾತ್ರ ಇನ್ನೊಂದು ಅಪಾಯ ಇದೆ, ಬೆಲೆ ಗರಿಷ್ಠದ ಹತ್ತಿರ ಇದ್ದರೆ ಸುತ್ತಿ ಸೊನ್ನೆಗೆ ಬರುತ್ತದೆ. ಮ್ಯಾಕ್ರೋ ಅದನ್ನು ತಡೆಯುವುದಿಲ್ಲ.

ಇನ್ನು ಮಿತಿ ನೋಡುವ ಸಾಲುಗಳು. "ಆಫ್‌ಸೆಟ್ + ಉದ್ದ > ಗಾತ್ರ ಆದರೆ ಎರರ್ ಕೊಡು." ಶಾಲೆಯ ಗಣಿತದಲ್ಲಿ ಇದು ಸರಿ. ಕಂಪ್ಯೂಟರಿನಲ್ಲಿ ಆಫ್‌ಸೆಟ್ ದೊಡ್ಡದಿದ್ದರೆ ಮೊತ್ತ ಸುತ್ತಿ ಚಿಕ್ಕದಾಗುತ್ತದೆ, ಚೆಕ್ ಪಾಸಾಗುತ್ತದೆ. ಅದಕ್ಕೇ ಎಲ್ಲ ಕಡೆ ಹೇಳಿಕೊಡುತ್ತಾರೆ: ಕೂಡಿಸಬೇಡಿ, ಕಳೆಯಿರಿ. "ಉದ್ದ > ಗಾತ್ರ - ಆಫ್‌ಸೆಟ್" ಅಂತ ಬರೆಯಿರಿ. ಸಲಹೆ ಒಳ್ಳೆಯದೇ. ಬಾಯಿಪಾಠ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಸಿವಿಇ-2022-0185 ಅನ್ನು (ಸಿವಿಇ ಅಂದರೆ ಬಯಲಾದ ಭದ್ರತಾ ದೋಷಗಳಿಗೆ ಕೊಡುವ ಸಂಖ್ಯೆ) ಸ್ವಲ್ಪ ನಿಧಾನವಾಗಿ ನೋಡೋಣ.

ಲಿನಕ್ಸ್ 5.1ರಲ್ಲಿ, 2019ರಲ್ಲಿ ಬಂದ ಕೋಡ್ ಅದು. ಹೊಸ ರೀತಿಯ ಮೌಂಟ್ ವಿಧಾನಕ್ಕೆ ಇನ್ನೂ ಬದಲಾಗದ ಫೈಲ್‌ಸಿಸ್ಟಮ್‌ಗಳಿಗಾಗಿ, ಬಂದ ಮೌಂಟ್ ಆಯ್ಕೆಗಳನ್ನೆಲ್ಲ ಅಲ್ಪವಿರಾಮ ಹಾಕಿ ಒಂದೇ ಸ್ಟ್ರಿಂಗ್ ಆಗಿ ಜೋಡಿಸುವ ಕೆಲಸ. ಇಡಲು ಇರುವುದು ಒಂದು ಪೇಜ್, 4096 ಬೈಟ್. ಇಲ್ಲಿಯವರೆಗೆ ತುಂಬಿರುವುದು "ಗಾತ್ರ". ಹೊಸದಾಗಿ ಬಂದದ್ದು "ಉದ್ದ". ಅಲ್ಪವಿರಾಮಕ್ಕೆ ಒಂದು, ಕೊನೆಯ ಸೊನ್ನೆಗೆ ಒಂದು, ಹೀಗೆ ಎರಡು ಬೈಟ್ ಬಿಡಬೇಕು. ಚೆಕ್ ಹೀಗಿತ್ತು:

ಉದ್ದ > 4096 - 2 - ಗಾತ್ರ ಆದರೆ ಎರರ್

ಕಳೆದಿದ್ದಾರೆ, ಕೂಡಿಸಿಲ್ಲ. ಪಾಠದ ಪ್ರಕಾರವೇ ಇದೆ. ಮೊದಲ ನೋಟಕ್ಕೆ ನಾನಾದರೂ ಪಾಸ್ ಮಾಡುವಂಥ ಸಾಲು. ಈಗ ಗಾತ್ರ ಎಲ್ಲಿಯವರೆಗೆ ಬೆಳೆಯಬಹುದು ಲೆಕ್ಕ ಹಾಕಿ. ಚೆಕ್ ಬಿಡುವ ಅತಿ ದೊಡ್ಡ ಉದ್ದ 4094 ಕಳೆ ಗಾತ್ರ. ಅಲ್ಪವಿರಾಮ ಒಂದು ಬೈಟ್ ತಿನ್ನುತ್ತದೆ, ಆಮೇಲೆ ಉದ್ದ ಸೇರುತ್ತದೆ. ಒಟ್ಟು 4095. ಕೊನೆಯ ಸೊನ್ನೆ ಪೇಜಿನ ಕೊನೆಯ ಬೈಟಿನಲ್ಲಿ ಕೂರುತ್ತದೆ. ಇಲ್ಲಿಯವರೆಗೆ ಒಂದು ಬೈಟೂ ಆಚೆ ಹೋಗಿಲ್ಲ, ಎಲ್ಲ ನ್ಯಾಯವಾಗಿಯೇ ಇದೆ.

ಈಗ ಇನ್ನೂ ಒಂದು ಆಯ್ಕೆ ಕೊಡಿ. 4096 ಕಳೆ 2 ಕಳೆ 4095. ಮೈನಸ್ ಒಂದು ಬರಬೇಕು. ಆದರೆ ಸಂಖ್ಯೆಗಳು ಅನ್‌ಸೈನ್ಡ್, ಹಾಗಾಗಿ ಬರುವುದು ಆ ಟೈಪಿನ ಅತಿ ದೊಡ್ಡ ಸಂಖ್ಯೆ. ಯಾವ ಉದ್ದವೂ ಅದನ್ನು ಮೀರುವುದಿಲ್ಲ. ಅಲ್ಲಿಂದಾಚೆಗೆ ಚೆಕ್ ಇದ್ದೂ ಇಲ್ಲದ ಹಾಗೆ. ಪೇಜಿನ ಆಚೆಗೆ ಬೇಕಾದಷ್ಟು ಬರೆಯುತ್ತಾ ಹೋಗಬಹುದು. ಯೂಸರ್ ನೇಮ್‌ಸ್ಪೇಸ್ (ಸಾಮಾನ್ಯ ಬಳಕೆದಾರನಿಗೂ ತನ್ನದೇ ಪುಟ್ಟ ವಲಯದೊಳಗೆ ರೂಟ್ ಅಧಿಕಾರ ಕೊಡುವ ಸೌಲಭ್ಯ) ತೆರೆದಿರುವ ಸಿಸ್ಟಮ್‌ನಲ್ಲಿ ಸಾಮಾನ್ಯ ಬಳಕೆದಾರನೂ ಇದನ್ನು ಬಳಸಿ ರೂಟ್ ಆಗಬಹುದಿತ್ತು, ಕಂಟೇನರ್‌ನಿಂದ ಹೊರಗೂ ಬರಬಹುದಿತ್ತು. ತಿದ್ದಿದ್ದು 2022ರ ಜನವರಿಯಲ್ಲಿ.

ಹೇಗೆ ತಿದ್ದಿದರು ಗೊತ್ತಾ? ಕೂಡಿಸಿ!

ಗಾತ್ರ + ಉದ್ದ + 2 > 4096 ಆದರೆ ಎರರ್

ಯಾವುದನ್ನು ಮಾಡಬೇಡಿ ಅಂತ ಪಾಠ ಹೇಳುತ್ತದೋ ಅದೇ ಇಲ್ಲಿ ಮದ್ದು. ಯಾಕೆ ಸರಿ ಅಂದರೆ ಗಾತ್ರ ಒಂದು ಪೇಜನ್ನು ದಾಟುವುದಿಲ್ಲ, ಒಂದೊಂದು ಆಯ್ಕೆಯ ಹೆಸರಿಗೂ ಬೆಲೆಯ ಸ್ಟ್ರಿಂಗಿಗೂ ಸಿಸ್ಟಮ್ ಕಾಲ್ ಒಳಗೆ ಬರುವಾಗಲೇ 256 ಬೈಟಿನ ಮಿತಿ ಇದೆ. ಮೊತ್ತ ಸುತ್ತುವ ಪ್ರಶ್ನೆಯೇ ಬರುವುದಿಲ್ಲ. ಅಂದರೆ ಕೂಡಿಸಬೇಕೋ ಕಳೆಯಬೇಕೋ ಅನ್ನೋದು ಆ ಸಂಖ್ಯೆಗಳು ಎಲ್ಲಿಂದ ಬಂದವು, ಎಲ್ಲಿಯವರೆಗೆ ಹೋಗಬಹುದು ಅನ್ನೋದರ ಮೇಲೆ ನಿಂತಿದೆ. ಕಳೆಯುವಾಗ ಕಳೆಯುವ ಸಂಖ್ಯೆ ಚಿಕ್ಕದು ಅಂತ ಮೊದಲು ಗೊತ್ತಿರಬೇಕು. ಕೂಡಿಸುವಾಗ ಎರಡೂ ಚಿಕ್ಕವು ಅಂತ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಚೆಕ್ ಮಾಡಿ ಕೂಡಿಸುವ ಸಿದ್ಧ ಫಂಕ್ಷನ್, ಅಂದರೆ ಹೆಲ್ಪರ್, ಬಳಸಿ.

"ಎಲ್ಲಿಂದ ಬಂತು" ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಇಎಕ್ಸ್‌ಟಿ4ದೇ. ಸೂಪರ್‌ಬ್ಲಾಕಿನಲ್ಲಿ ಒಂದು ಬೈಟ್ ಇದೆ. ಎಷ್ಟು ಗ್ರೂಪ್ ಸೇರಿ ಒಂದು ಫ್ಲೆಕ್ಸ್ ಗ್ರೂಪ್ ಅನ್ನುವುದರ ಲಾಗರಿದಮ್. ಅದನ್ನು ಓದಿ, ಒಂದನ್ನು ಅಷ್ಟು ಬಿಟ್ ಎಡಕ್ಕೆ ಶಿಫ್ಟ್ ಮಾಡಿ, ಬಂದ ಸಂಖ್ಯೆಯಿಂದ ಭಾಗಿಸುತ್ತಿದ್ದರು. ಡಿಸ್ಕ್ ಕೆಟ್ಟಿದ್ದರೆ, ಅಥವಾ ಯಾರೋ ಬೇಕೆಂದೇ ಕೆಡಿಸಿ ಪೆನ್‌ಡ್ರೈವ್ ಕೊಟ್ಟರೆ, ಆ ಬೈಟಿನಲ್ಲಿ ಏನು ಬೇಕಾದರೂ ಇರಬಹುದು. ಸೊನ್ನೆಯಿಂದ ಭಾಗಿಸಿ ಕರ್ನಲ್ ಬೀಳುತ್ತಿತ್ತು. ಇದು ಸಿವಿಇ-2009-4307.

ಮೊದಲ ತಿದ್ದುಪಡಿ: ಶಿಫ್ಟ್ ಮಾಡಿದ ಮೇಲೆ ಉತ್ತರ 2ಕ್ಕಿಂತ ಕಡಿಮೆಯಾ ಅಂತ ನೋಡು. ಓದಲು ಸರಿ ಅನಿಸುತ್ತದೆ ಅಲ್ವಾ? 32 ಬಿಟ್ ಸಂಖ್ಯೆಯನ್ನು 32 ಅಥವಾ ಜಾಸ್ತಿ ಬಿಟ್ ಶಿಫ್ಟ್ ಮಾಡಿದರೆ ಏನು ಬರಬೇಕು ಅಂತ ಸಿ ಭಾಷೆ ಹೇಳುವುದೇ ಇಲ್ಲ. ಎಕ್ಸ್86 ಪ್ರೊಸೆಸರ್ ಶಿಫ್ಟ್ ಸಂಖ್ಯೆಯ ಕೆಳಗಿನ ಐದು ಬಿಟ್ ಮಾತ್ರ ನೋಡುತ್ತದೆ, ಹಾಗಾಗಿ 36 ಬಿಟ್ ಶಿಫ್ಟ್ ಮಾಡಿದರೆ 4 ಬಿಟ್ ಮಾತ್ರ ಸರಿದು 16 ಬರುತ್ತದೆ, ಚೆಕ್ ಪಾಸಾಗುತ್ತದೆ. ಪವರ್‌ಪಿಸಿಯಲ್ಲಿ ಸೊನ್ನೆ ಬರುತ್ತದೆ. ಇನ್ನು ಕಂಪೈಲರ್ ಬುದ್ಧಿ ಬೇರೆ. "ಒಂದನ್ನು ನ್ಯಾಯವಾಗಿ ಶಿಫ್ಟ್ ಮಾಡಿದರೆ ಸೊನ್ನೆ ಬರುವುದೇ ಇಲ್ಲ, ಹಾಗಿದ್ದ ಮೇಲೆ ಈ ಚೆಕ್ ಯಾಕೆ" ಅಂತ ಸೊನ್ನೆ ಹಿಡಿಯುವ ಭಾಗವನ್ನೇ ಕಿತ್ತು ಹಾಕುವ ಹಕ್ಕು ಅದಕ್ಕಿದೆ. 2012ರಲ್ಲಿ ಎರಡನೇ ತಿದ್ದುಪಡಿ ಬಂತು, ಜೊತೆಗೆ ಇನ್ನೊಂದು ಸಿವಿಇ ಸಂಖ್ಯೆಯೂ. ಈ ಸಲ ಡಿಸ್ಕಿನಿಂದ ಬಂದ ಬೆಲೆಯನ್ನೇ ನೋಡಿದರು: 1ಕ್ಕಿಂತ ಕಡಿಮೆ ಅಥವಾ 31ಕ್ಕಿಂತ ಜಾಸ್ತಿ ಇದ್ದರೆ ಬೇಡ. ಈ ಸಾಲನ್ನು ಓದಲು ಯಾವ ಪ್ರೊಸೆಸರಿನ ಸ್ವಭಾವವೂ ಗೊತ್ತಿರಬೇಕಿಲ್ಲ. ನೋಡಿದ ತಕ್ಷಣ ಸರಿ ಅಂತ ಕಾಣುತ್ತದೆ.

ಇದೇ ಮಾತು ಫೈಲಿಗೆ ಮೊದಲೇ ಜಾಗ ಕಾದಿರಿಸುವ ಫ್ಯಾಲೊಕೇಟ್ ಕೋಡಿಗೂ. ಅಲ್ಲಿ ತುಂಬ ಕಾಲ ಇದ್ದ ಚೆಕ್ ಇದು: "ಆಫ್‌ಸೆಟ್ + ಉದ್ದ" ಸೊನ್ನೆಗಿಂತ ಕಡಿಮೆಯಾ? ಎರಡೂ ಪಾಸಿಟಿವ್ ಅಂತ ಮೇಲೆ ನೋಡಿ ಆಗಿದೆ, ಮೊತ್ತ ನೆಗೆಟಿವ್ ಬಂದರೆ ಓವರ್‌ಫ್ಲೋ ಆಗಿದೆ ಅಂತ ಅರ್ಥ. ಸಿ ಭಾಷೆಯ ನಿಯಮದಲ್ಲಿ ಸೈನ್ಡ್ ಓವರ್‌ಫ್ಲೋಗೆ ಅರ್ಥವೇ ಇಲ್ಲ. ಆದರೆ ಕರ್ನಲ್ ಕಂಪೈಲ್ ಮಾಡುವಾಗ ಅದು ಸುತ್ತಿಕೊಳ್ಳಲಿ ಅಂತ ಹೇಳುವ ಆಯ್ಕೆ ಹಾಕಿರುತ್ತಾರೆ, ಹಾಗಾಗಿ ಕೋಡ್ ನಡೆಯುತ್ತಿತ್ತು. ಬಗ್ ಇರಲಿಲ್ಲ. ಆದರೂ 2024ರಲ್ಲಿ ಇದನ್ನು ಚೆಕ್ ಮಾಡಿ ಕೂಡಿಸುವ ಹೆಲ್ಪರ್‌ಗೆ ಬದಲಿಸಿದರು. ಬಗ್ ಇಲ್ಲದ ಕೋಡನ್ನು ಯಾಕೆ ಮುಟ್ಟಬೇಕು ಅಂತ ಕೇಳುವವರಿದ್ದಾರೆ. ನಾನು ಬದಲಿಸಿದವರ ಪರ. ಹಳೆಯ ಸಾಲು ಸರಿ ಅಂತ ಒಪ್ಪಲು ಮೇಕ್‌ಫೈಲಿನ ಒಂದು ಆಯ್ಕೆ ಗೊತ್ತಿರಬೇಕಿತ್ತು. ಅದೇ ಸಾಲನ್ನು ಯಾರಾದರೂ ಬೇರೆ ಪ್ರಾಜೆಕ್ಟಿಗೆ ಕಾಪಿ ಮಾಡಿದರೆ ಆ ಆಯ್ಕೆ ಜೊತೆಗೆ ಹೋಗುವುದಿಲ್ಲ.

64 ಬಿಟ್ ಸಂಖ್ಯೆಯನ್ನು 32 ಬಿಟ್‌ಗೆ ಕಿರಿದು ಮಾಡುವ ತಪ್ಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದೇ ಉದಾಹರಣೆ. 2021ರ ಜುಲೈನಲ್ಲಿ ಕ್ವಾಲಿಸ್ ಸಂಸ್ಥೆ ಹೊರಗೆಡವಿದ "ಸಿಕೋಯಾ" ಬಗ್. ಒಂದರೊಳಗೊಂದು ಡೈರೆಕ್ಟರಿ ಮಾಡುತ್ತಾ ಪಾತ್ ಉದ್ದವನ್ನು 1 ಜಿಬಿ ದಾಟಿಸಿ, ಮೌಂಟ್ ಮಾಡಿ, ಅಳಿಸಿ, ಮೌಂಟ್ ಪಟ್ಟಿಯನ್ನು ಓದಿದರೆ ಕರ್ನಲ್ ಅದಕ್ಕೆ 2 ಜಿಬಿ ಬಫರ್ ತೆಗೆದುಕೊಳ್ಳುತ್ತಿತ್ತು. ಆ ಗಾತ್ರ 64 ಬಿಟ್‌ನಲ್ಲಿ ಸರಿಯಾಗೇ ಇತ್ತು. ಮುಂದೆ ಕರೆಯುವ ಫಂಕ್ಷನ್ ಅದನ್ನು ಇಂಟ್ ಆಗಿ ತೆಗೆದುಕೊಳ್ಳುತ್ತಿತ್ತು. 2147483648 ಅಲ್ಲಿ ಮೈನಸ್ 2147483648 ಆಯಿತು, ಬಫರಿಗಿಂತ ಎಷ್ಟೋ ಹಿಂದಿನ ಜಾಗಕ್ಕೆ ಬರವಣಿಗೆ ಹೋಯಿತು. 2014ರಿಂದ ಕೋಡಿನಲ್ಲಿದ್ದ ತಪ್ಪು. ಕರೆಯುವ ಸಾಲನ್ನು ಎಷ್ಟು ದಿಟ್ಟಿಸಿದರೂ ಇದು ಕಾಣುವುದಿಲ್ಲ. ಕರೆಸಿಕೊಳ್ಳುವ ಫಂಕ್ಷನ್ನಿನ ಪ್ಯಾರಾಮೀಟರ್ ಟೈಪ್ ತೆರೆದು ನೋಡಬೇಕು. ತಿದ್ದಿದ ರೀತಿ ನೇರವಾಗಿತ್ತು: ಅಷ್ಟು ದೊಡ್ಡ ಬಫರನ್ನೇ ಕೊಡಬೇಡ.

ಹೆಲ್ಪರ್‌ಗಳ ವಿಷಯ. ಜಿಸಿಸಿ ಕಂಪೈಲರಿನ 5ನೇ ಆವೃತ್ತಿಯಿಂದ ಓವರ್‌ಫ್ಲೋ ಆಯಿತಾ ಅಂತ ಹೇಳುತ್ತಲೇ ಕೂಡಿಸುವ, ಗುಣಿಸುವ ಬಿಲ್ಟಿನ್‌ಗಳಿವೆ. ಕರ್ನಲ್ 2018ರಿಂದ ಅವುಗಳ ಮೇಲೆ ತನ್ನದೇ ಹೆಲ್ಪರ್‌ಗಳನ್ನು ಕಟ್ಟಿಕೊಂಡಿದೆ. ಅಲೊಕೇಷನ್ ಗಾತ್ರ ಲೆಕ್ಕ ಹಾಕುವಂಥವು ಓವರ್‌ಫ್ಲೋ ಆದರೆ ಗರಿಷ್ಠ ಬೆಲೆಗೆ ನಿಂತುಬಿಡುತ್ತವೆ. ಅಷ್ಟು ಮೆಮೊರಿ ಯಾರೂ ಕೊಡುವುದಿಲ್ಲ, ಅಲೊಕೇಷನ್ ಸೋಲುತ್ತದೆ, ಅಲ್ಲಿಗೆ ಮುಗಿಯಿತು. ಎಂಟ್ರಿಗಳ ಎಣಿಕೆಯನ್ನು ಒಂದು ಎಂಟ್ರಿಯ ಗಾತ್ರದಿಂದ ಕೈಯಲ್ಲೇ ಗುಣಿಸಿ ಅಲೊಕೇಟ್ ಮಾಡುವ ಸಾಲು ಕಂಡರೆ ನಾನು ಎರಡನೇ ಯೋಚನೆ ಮಾಡದೆ ಬದಲಿಸಿ ಅನ್ನುತ್ತೇನೆ.

ಹಾಗಂತ ಪ್ರತಿ ಪ್ಲಸ್ ಚಿಹ್ನೆಗೂ ಹೆಲ್ಪರ್ ಹಾಕಿದರೆ? ಅದೂ ಬೇಡ. ಹತ್ತು ಸಾಲಿನ ಲೆಕ್ಕದಲ್ಲಿ ಹತ್ತು ಚೆಕ್ ಇದ್ದರೆ ಯಾವ ಚೆಕ್ ನಿಜವಾಗಿ ಬೇಕಿತ್ತು ಅಂತ ಓದುವವನಿಗೆ ಗೊತ್ತಾಗುವುದಿಲ್ಲ. ಹೊರಗಿನಿಂದ ಬಂದ ಸಂಖ್ಯೆಯನ್ನು, ಡಿಸ್ಕಿನಿಂದಲೋ ಸಿಸ್ಟಮ್ ಕಾಲ್‌ನಿಂದಲೋ, ಬಾಗಿಲಲ್ಲೇ ನಿಲ್ಲಿಸಿ ನೋಡಿ. ಒಳಗೆ ಬಂದ ಮೇಲೆ ಸಾದಾ ಪ್ಲಸ್ ಸಾಕು, ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ ಇರಲಿ: "ಇದು ಇಷ್ಟನ್ನು ದಾಟುವುದಿಲ್ಲ, ಇಂಥ ಕಡೆ ನೋಡಿ ಆಗಿದೆ." ಮುಂದೆ ಆ ಕಡೆಯ ಚೆಕ್ ಯಾರಾದರೂ ತೆಗೆದರೆ ಕಾಮೆಂಟೇ ಅವರನ್ನು ಹಿಡಿದು ಕೊಡುತ್ತದೆ.

ರಿವ್ಯೂನಲ್ಲಿ ಹೇಗೆ ಬರೆಯಬೇಕು ಅನ್ನೋದೂ ಮುಖ್ಯ. "ಇಲ್ಲಿ ಓವರ್‌ಫ್ಲೋ ಆಗಬಹುದು" ಅಂದರೆ "ಆಗಲ್ಲ ಬಿಡಿ" ಅಂತ ಉತ್ತರ ಬರುತ್ತದೆ. "ಬ್ಲಾಕ್ ಸಂಖ್ಯೆ 1048576 ಬಂದರೆ ಈ ಸಾಲು ಎಷ್ಟು ಕೊಡುತ್ತದೆ?" ಅಂತ ಕೇಳಿ. ಬರೆದವರೇ ಕೂತು ಲೆಕ್ಕ ಹಾಕುತ್ತಾರೆ, ವಾದ ಬೆಳೆಯುವುದಿಲ್ಲ. ಸಾಲು ಸರಿಯಾಗಿಯೇ ಇದ್ದರೂ ಅದನ್ನು ಒಪ್ಪಿಕೊಳ್ಳಲು ನಿಮಗೆ ಮೂರು ಫೈಲು ತೆರೆಯಬೇಕಾಯಿತು ಅಂದರೆ ಅದನ್ನೂ ಬರೆಯಿರಿ. "ಬಗ್ ಇಲ್ಲ, ಆದರೆ ಇಲ್ಲ ಅಂತ ತಿಳಿಯಲು ಕಷ್ಟವಾಯಿತು" ಅನ್ನೋದು ನ್ಯಾಯವಾದ ರಿವ್ಯೂ ಕಾಮೆಂಟ್.

ಟೆಸ್ಟ್ ಮಾಡಲು ದೊಡ್ಡ ಡಿಸ್ಕ್ ಬೇಕಿಲ್ಲ. ಟ್ರಂಕೇಟ್ ಕಮಾಂಡಿನಿಂದ ಒಂದು ಸ್ಪಾರ್ಸ್ ಫೈಲ್ ಮಾಡಿ, ಗಾತ್ರ ಎಷ್ಟು ಹೇಳಿದರೂ ಡಿಸ್ಕಿನಲ್ಲಿ ಹೆಚ್ಚೇನೂ ಜಾಗ ತಿನ್ನುವುದಿಲ್ಲ. ಅದರ ಮೇಲೆ ಫೈಲ್‌ಸಿಸ್ಟಮ್ ಮಾಡಿ ಲೂಪ್ ಡಿವೈಸ್ ಮೂಲಕ ಮೌಂಟ್ ಮಾಡಿ. 2 ಜಿಬಿ, 4 ಜಿಬಿ, 16 ಟಿಬಿ ಗಡಿಗಳ ಹಿಂದೊಂದು ಮುಂದೊಂದು ಬ್ಲಾಕ್ ಬರೆದು, ಅನ್‌ಮೌಂಟ್ ಮಾಡಿ, ಮತ್ತೆ ಓದಿ. ಕೆಳಗಿರುವುದು ಇಎಕ್ಸ್‌ಟಿ4 ಆದರೆ ಸ್ಪಾರ್ಸ್ ಫೈಲೇ 16 ಟಿಬಿಗೆ ನಿಲ್ಲುತ್ತದೆ, ಆಗ ಎಕ್ಸ್‌ಎಫ್‌ಎಸ್ ಮೇಲೆ ಇಟ್ಟುಕೊಳ್ಳಿ. 32 ಬಿಟ್ ಬಿಲ್ಡನ್ನೂ ಒಮ್ಮೆ ಓಡಿಸಿ. ಅಲ್ಲಿ ಪೇಜ್ ಸಂಖ್ಯೆಯೇ 32 ಬಿಟ್, ಶಿಫ್ಟ್ ಮಾಡುವ ಮೊದಲು ಅಗಲ ಮಾಡದಿದ್ದರೆ 4 ಜಿಬಿಗೇ ಸಿಕ್ಕಿ ಬೀಳುತ್ತದೆ.

ಈಗ ಪ್ರಶ್ನೆಗಳು.

"ಸರ್, ಸ್ಯಾನಿಟೈಸರ್ ಆನ್ ಮಾಡಿದರೆ ಇದೆಲ್ಲ ತಾನಾಗೇ ಸಿಗುವುದಿಲ್ಲವೇ?"

ಅರ್ಧ ಸಿಗುತ್ತದೆ. ಯುಬಿಸ್ಯಾನ್ ಎಂಬ ಸ್ಯಾನಿಟೈಸರ್, ಅಂದರೆ ಪ್ರೋಗ್ರಾಮ್ ಓಡುವಾಗಲೇ ತಪ್ಪು ಹಿಡಿಯುವ ಸಾಧನ, ಸೈನ್ಡ್ ಓವರ್‌ಫ್ಲೋ, ತಪ್ಪು ಶಿಫ್ಟ್ ಎರಡನ್ನೂ ಹಿಡಿಯುತ್ತದೆ. ಅನ್‌ಸೈನ್ಡ್ ಸುತ್ತುವುದು ಸಿ ಭಾಷೆಯಲ್ಲಿ ತಪ್ಪೇ ಅಲ್ಲ, ಅದನ್ನು ಹಿಡಿಯಲು ಕ್ಲ್ಯಾಂಗ್ ಕಂಪೈಲರಿನಲ್ಲಿ ಪ್ರತ್ಯೇಕ ಆಯ್ಕೆ ಹಾಕಬೇಕು. ಹಾಕಿದರೆ ಹ್ಯಾಶ್, ಚೆಕ್‌ಸಮ್ ಕೋಡೆಲ್ಲ ಕೂಗಿಕೊಳ್ಳುತ್ತದೆ, ಅವು ಬೇಕೆಂದೇ ಸುತ್ತುತ್ತವೆ. ನಾನು ಮೊದಲು ತೋರಿಸಿದ ಶಿಫ್ಟ್ ಸಾಲು, ಆಮೇಲಿನ ಮಾಸ್ಕ್ ಸಾಲು, ಎರಡೂ ಅನ್‌ಸೈನ್ಡ್. ಯುಬಿಸ್ಯಾನ್ ಅವುಗಳ ಬಗ್ಗೆ ತುಟಿ ಪಿಟಕ್ ಅನ್ನುವುದಿಲ್ಲ.

"ರಸ್ಟ್ ಭಾಷೆಯಲ್ಲಿ ಬರೆದರೆ?"

ವಾಸಿ. ಡೀಬಗ್ ಬಿಲ್ಡಿನಲ್ಲಿ ಓವರ್‌ಫ್ಲೋ ಆದರೆ ಪ್ಯಾನಿಕ್ ಆಗುತ್ತದೆ. ರಿಲೀಸ್ ಬಿಲ್ಡಿನಲ್ಲಿ ಡಿಫಾಲ್ಟ್ ಆಗಿ ಸುತ್ತುತ್ತದೆ, ಇದನ್ನು ಮರೆಯುವವರೇ ಜಾಸ್ತಿ. "ಆಸ್" ಬಳಸಿ ಕಿರಿದು ಮಾಡಿದರೆ ಬಿಟ್‌ಗಳು ಅಲ್ಲೂ ಸದ್ದಿಲ್ಲದೆ ಉದುರುತ್ತವೆ. ನನಗೆ ಅಲ್ಲಿ ಇಷ್ಟವಾಗುವುದು ಬೇರೆ. ಬೈಟಿಗೊಂದು ಟೈಪ್, ಬ್ಲಾಕಿಗೊಂದು ಟೈಪ್ ಮಾಡಿಕೊಂಡರೆ ಎರಡನ್ನು ಬೆರೆಸಲು ಕಂಪೈಲರ್ ಬಿಡುವುದೇ ಇಲ್ಲ.

"ಎಲ್ಲವನ್ನೂ 64 ಬಿಟ್ ಮಾಡಿಬಿಟ್ಟರೆ ಈ ತಲೆನೋವೇ ಇರುವುದಿಲ್ಲ ಅಲ್ವಾ? ಅಷ್ಟು ದೊಡ್ಡ ಡಿಸ್ಕ್ ಎಲ್ಲಿದೆ?"

ಡಿಸ್ಕ್ ಅಷ್ಟು ದೊಡ್ಡದಿರಬೇಕಾಗಿಲ್ಲ. ಫ್ಯಾಲೊಕೇಟ್ ಕರೆಯುವವನು 9223372036854775807 ಅಂತ ಆಫ್‌ಸೆಟ್ ಕೊಡಬಹುದು, ಅವನ ಹತ್ತಿರ ಇರುವುದು 8 ಜಿಬಿ ಪೆನ್‌ಡ್ರೈವ್ ಆದರೂ. ಆ ಪೆನ್‌ಡ್ರೈವಿನ ಸೂಪರ್‌ಬ್ಲಾಕಿನಲ್ಲೂ ಅದೇ ಸಂಖ್ಯೆ ಬರೆದಿರಬಹುದು. ಜೊತೆಗೆ, ಡಿಸ್ಕಿನ ಮೇಲಿನ ಫಾರ್ಮ್ಯಾಟ್ ಬದಲಿಸುವುದು ಅಂದರೆ ಈಗಾಗಲೇ ಬಳಕೆಯಲ್ಲಿರುವ ಎಲ್ಲ ಡಿಸ್ಕುಗಳ ಪ್ರಶ್ನೆ. ಅಲ್ಲಿ 32 ಬಿಟ್ ಇದ್ದದ್ದು 32 ಬಿಟ್ ಆಗೇ ಇರುತ್ತದೆ. ಓದಿದ ಕೂಡಲೇ ಅಗಲ ಮಾಡಿಕೊಳ್ಳಿ. ವಾಪಸ್ ಬರೆಯುವಾಗ ಹಿಡಿಸುತ್ತದಾ ಅಂತ ನೋಡಿ, ಹಿಡಿಸದಿದ್ದರೆ ಫೈಲ್ ತೀರಾ ದೊಡ್ಡದು ಅನ್ನುವ ಎರರ್ ಕೊಟ್ಟು ವಾಪಸ್ ಕಳಿಸಿ.